ಏಳನೇ ಸಾಲಿನ ಜಡ್ತಿ

ಜನವರಿ ೬

ಪ್ರೀತಿಯ ಅತ್ತೆಗೆ,

ನಾನು ಕ್ಷೇಮ. ಇಲ್ಲಿಯ ಧೂಳು ನನಗಿಂತ ಕ್ಷೇಮ. ತಲೆ, ಕಿವಿ, ಊಟದ ತಟ್ಟೆ ಎಲ್ಲ ಕಡೆ ಮನೆಮಗಳ ಹಾಗೆ ಓಡಾಡಿಕೊಂಡಿದೆ.

ಕೇಳಿದರೆ ಹೌಹಾರುತ್ತೀರಿ. ನೀವೂ ಅಪ್ಪನೂ ಹುಟ್ಟಿದ ಚಿನ್ನದ ಗಣಿಯ ಊರಿಗೇ ನಮ್ಮ ಪುರಾತತ್ವ ಇಲಾಖೆ ನನ್ನನ್ನು ಅಗೆಯಲು ಕಳಿಸಿದೆ. ದೊರೆಗಳು ಹೋದರು, ಚಿನ್ನ ಹೋಯಿತು, ಉಳಿದದ್ದು ಕೆಲಸಗಾರರ ಮನೆಸಾಲುಗಳ ಅಡಿಪಾಯ, ಮೊಣಕಾಲೆತ್ತರದ ಗೋಡೆ, ಅರೆದು ಬಿಸಾಡಿದ ಬೂದುಮಣ್ಣಿನ ಗುಡ್ಡ. ಗಣಿಯ ಯಂತ್ರಗಳ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಆ ಸಾಲುಗಳಲ್ಲಿ ಬೆಳೆದ ಮಕ್ಕಳು ಹೇಗಿದ್ದರು ಎಂದು ಯಾರೂ ಬರೆದಿಲ್ಲ. ಎಲ್ಲರೂ ಚಿನ್ನ ಹುಡುಕಿದ ಕಡೆ ನಾವು ಚಿಣ್ಣರನ್ನು ಹುಡುಕುತ್ತಿದ್ದೇವೆ.

ಸಿಗುತ್ತಿದ್ದಾರೆ ಕೂಡ. ಗೋಡೆಯ ಬಿರುಕಿನಲ್ಲಿ, ಹೊಸಿಲ ಕೆಳಗೆ, ಒಲೆಯ ಹಿಂದೆ, ಮಣ್ಣಿನ ಉಂಡೆಯೊಳಗೆ ಮುಚ್ಚಿಟ್ಟ ಸಣ್ಣಪುಟ್ಟ ವಸ್ತುಗಳು. ಒಡೆದ ಬಳೆ, ಗೋಲಿ, ಒಂದು ಹಾಲುಹಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಅಂಗಿಯ ಗುಂಡಿ. ಗುಂಡಿ ತೋಡಿದರೆ ಗುಂಡಿಯೇ ಸಿಗುತ್ತದೆ ಅತ್ತೆ, ನಾನು ದರ್ಜಿ ಅತ್ತೆಯ ಸೋದರಸೊಸೆ ಎಂದು ಮಣ್ಣಿಗೂ ಗೊತ್ತಾಗಿರಬೇಕು. ನಮ್ಮ ಪ್ರೊಫೆಸರ್ ಗಂಭೀರವಾಗಿ "ಇವು ಹರಕೆಯ ವಸ್ತುಗಳು" ಎಂದಿದ್ದಾರೆ. ಒಂದು ಲೇಖನಕ್ಕೆ ಟಿಪ್ಪಣಿಯನ್ನೂ ಮಾಡಿಕೊಂಡಿದ್ದಾರೆ.

ಅಪ್ಪನನ್ನು ಕೇಳಿದೆ. "ಹಳೇದನ್ನ ಕೆದಕಬೇಡ" ಎಂದರು. "ಕೆದಕೋದಕ್ಕೇ ಸಂಬಳ ಕೊಡ್ತಾರಪ್ಪಾ" ಎಂದೆ. ಅರ್ಧ ಊಟದಲ್ಲಿ ಎದ್ದು ಕೈತೊಳೆದರು. ಅತ್ತೆ, ಮೂವತ್ತು ವರ್ಷ ಊರಿಗೆಲ್ಲ ಕಾಗದ ಹಂಚಿದ ಪೋಸ್ಟ್‌ಮ್ಯಾನ್ ತನ್ನ ಒಬ್ಬಳೇ ಅಕ್ಕನಿಗೆ ಒಂದು ಕಾಗದ ಬರೆದದ್ದನ್ನು ನಾನು ನೋಡಿಲ್ಲ. ಮದುವೆ, ಸಾವು ಬಿಟ್ಟರೆ ನಿಮ್ಮ ಹೊಸಿಲು ತುಳಿದದ್ದನ್ನೂ ಕಂಡಿಲ್ಲ. ಜಗಳ ಎಂದರೆ ಜಗಳವೂ ಅಲ್ಲ. ಏನದು? ಈ ಊರಿಗೂ ಅದಕ್ಕೂ ಸಂಬಂಧ ಇದೆಯಾ?

ಉತ್ತರಕ್ಕೆ ಕಾದಿರುವ
ನಿಮ್ಮ ಗುಬ್ಬಿ


ಜನವರಿ ೧೭

ನನ್ನ ಗುಬ್ಬಿಗೆ,

ಬಟ್ಟೆಯ ಅಳತೆ ಕತ್ತರಿಸುವ ಕಾಗದದ ಮೇಲೆ ಬರೆಯುತ್ತಿದ್ದೇನೆ. ಅಲ್ಲಲ್ಲಿ ಯಾರದೋ ತೋಳು, ಯಾರದೋ ಕುತ್ತಿಗೆ ಕಂಡರೆ ಹೆದರಬೇಡ.

ನಿನ್ನ ಪ್ರೊಫೆಸರಿಗೆ ನನ್ನ ನಮಸ್ಕಾರ ತಿಳಿಸು, ಆಮೇಲೆ ಆ ಟಿಪ್ಪಣಿ ಹರಿದು ಹಾಕಲು ಹೇಳು. ಹರಕೆಯಂತೆ! ಅದು ಜಡ್ತಿ ಆಟ ಕಣೇ.

ನಿನ್ನ ತಾತ ಗಣಿಯ ಗಿರಣಿಯಲ್ಲಿದ್ದರು. ಅದಿರು ಕುಟ್ಟುವ ಗಿರಣಿ. ಅಲ್ಲಿ ಅದಿರು ಕುಟ್ಟಿದರೆ ಇಲ್ಲಿ ನಮ್ಮ ಮನೆ ಅದುರುತ್ತಿತ್ತು. ಸಂಜೆ ಸೈರನ್ ಆದಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಗೇಟಿನಿಂದ ಬರಬೇಕು. ಕಾವಲುಗಾರರು ತಲೆಗೂದಲು ಕೊಡವಿಸಿ, ನಾಲಿಗೆ ಎತ್ತಿಸಿ, ಊಟದ ಡಬ್ಬಿ ತೆಗೆಸಿ ಜಡ್ತಿ ಮಾಡುವರು. ಯಾರಾದರೂ ಚಿನ್ನದ ಕಣ ಕದ್ದಿದ್ದಾರೇನೋ ಎಂದು. ನಾವು ಮಕ್ಕಳು ಬೇಲಿಯಾಚೆ ನಿಂತು ದಿನಾ ನೋಡುತ್ತಿದ್ದೆವು. ಅಪ್ಪಂದಿರು ಒಳಗೆ ಏನು ಮಾಡುತ್ತಾರೋ ನಮಗೆ ಗೊತ್ತಿರಲಿಲ್ಲ, ಗೇಟು ಮಾತ್ರ ಗೊತ್ತಿತ್ತು. ನಮ್ಮ ಆಟವೂ ಅದೇ ಆಯಿತು.

ಒಬ್ಬರು ಕಾವಲುಗಾರ. ಉಳಿದವರು ಮೈಮೇಲೆ ಏನಾದರೂ ಬಚ್ಚಿಟ್ಟುಕೊಂಡು ಎದುರಿಗೆ ಬರಬೇಕು. ಸಿಕ್ಕಿದರೆ ಅದು ಕಾವಲುಗಾರನಿಗೆ. ಸಿಗದಿದ್ದರೆ ಮನೆಯ ಗೋಡೆಯಲ್ಲೋ ಹೊಸಿಲ ಕೆಳಗೋ ಏಳು ದಿನ ಮುಚ್ಚಿಡಬೇಕು. ಅಲ್ಲಿಯೂ ಯಾರೂ ಕಂಡುಹಿಡಿಯದಿದ್ದರೆ ನಮ್ಮದು. ನೀನು ಅಗೆದು ತೆಗೆದದ್ದೆಲ್ಲ ಗೆದ್ದವರು ಮರೆತ ಆಸ್ತಿ. ಆ ಹಲ್ಲು ಯಾರದೆಂದು ಬಲ್ಲೆ, ಹೇಳುವುದಿಲ್ಲ. ಅವಳಿಗೆ ಈಗ ಮೊಮ್ಮಕ್ಕಳಿದ್ದಾರೆ.

ನಾನು ಒಮ್ಮೆಯೂ ಸಿಕ್ಕಿಬಿದ್ದವಳಲ್ಲ. ಜಡೆ ಇದ್ದವಳಿಗೆ ಜಡ್ತಿಯ ಭಯವೆಲ್ಲಿಯದು? ನಿನ್ನಪ್ಪ ಮಾತ್ರ ಒಂದು ಸಲವೂ ಗೆದ್ದವನಲ್ಲ. ಕಾವಲುಗಾರ ಹತ್ತು ಹೆಜ್ಜೆ ದೂರವಿರುವಾಗಲೇ ಅವನ ಕಿವಿ ಕೆಂಪಾಗಿ ನಗು ಶುರುವಾಗುತ್ತಿತ್ತು.

"ನಗಬೇಡ್ವೋ ಪುಟ್ಟು!"

"ನಗ್ತಾ ಇಲ್ಲಕ್ಕಾ..." ಎಂದು ನಕ್ಕುಬಿಡುವನು. ಅಂಗೈ ಬಿಚ್ಚಿ ತಾನೇ ತೋರಿಸಿಬಿಡುವನು.

ಇನ್ನು ಬರೆದರೆ ನಾಳೆ ಕೊಡಬೇಕಾದ ಕುಪ್ಪಸಕ್ಕೆ ತೋಳಿರುವುದಿಲ್ಲ. ಒಂದು ಮಾತು. ಬೇರೆ ಎಲ್ಲ ಸಾಲನ್ನೂ ಅಗಿ, ಏಳನೇ ಸಾಲನ್ನು ಬಿಟ್ಟುಬಿಡು. ಕಾರಣ ಕೇಳಬೇಡ.

ನಿನ್ನ
ಸೂಜಿ ಅತ್ತೆ


ಜನವರಿ ೨೯

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಪ್ರೊಫೆಸರಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಮತ್ತೆ ತೆಗೆದರು. ಆಮೇಲೆ ಟಿಪ್ಪಣಿಯಲ್ಲಿ 'ಹರಕೆ' ಎಂಬುದನ್ನು ಹೊಡೆದುಹಾಕಿ 'ಆಟ' ಎಂದು ಬರೆದರು. ಮರುದಿನ ಬೆಳಿಗ್ಗೆ ನಮ್ಮ ಅಗೆಯುವವರ ಜೊತೆ ಅವರೇ ಜಡ್ತಿ ಆಡುತ್ತಿದ್ದರು. ಕಾಲುಚೀಲದಲ್ಲಿ ಪೆನ್ಸಿಲ್ ಬಚ್ಚಿಟ್ಟು ಮೊದಲ ಸುತ್ತಿನಲ್ಲೇ ಸಿಕ್ಕಿಬಿದ್ದರು.

ಏಳನೇ ಸಾಲಿನ ವಿಷಯ. ಅದು ನನ್ನ ಕೈಯಲ್ಲಿಲ್ಲ ಅತ್ತೆ, ನಕ್ಷೆಯಲ್ಲಿ ಮುಂದಿನದೇ ಅದು. ನೀವು ಬೇಡ ಎಂದಮೇಲೆ ಹಳೆಯ ಮನೆಪಟ್ಟಿ ತೆಗೆದು ನೋಡಿದೆ. ಏಳನೇ ಸಾಲು, ಹದಿನಾಲ್ಕನೇ ಮನೆ, ತಾತನ ಹೆಸರು. ಒಂದು ಕೋಣೆ, ಒಂದು ಒಲೆ, ಹಿಂದೆ ಪಾತ್ರೆ ತೊಳೆಯುವ ಕಲ್ಲು. ಹತ್ತಡಿಗೆ ಎಂಟಡಿ. ನಿಮ್ಮ ನಾಲ್ಕು ಜನರ ಸಂಸಾರವನ್ನು ನಾನು ಹದಿನೈದು ಹೆಜ್ಜೆಯಲ್ಲಿ ಸುತ್ತಿ ಬಂದೆ.

ಹೇಳಿ ಅತ್ತೆ. ಬೇರೆಯವರ ಮನೆಯಾದರೆ ಮಣ್ಣನ್ನು ಕೇಳುತ್ತೇನೆ. ಇದು ನಮ್ಮನೆ. ಮೊದಲು ನಿಮ್ಮನ್ನು ಕೇಳಬೇಕು ಅನ್ನಿಸಿತು.

ನಿಮ್ಮ
ಗುಬ್ಬಿ


ಮಾರ್ಚ್ ೪

ಗುಬ್ಬಿ,

ತಡವಾಯಿತು. ಶಾಲೆಗಳ ಸಮವಸ್ತ್ರದ ಕೆಲಸ ಬಂತು ಎಂದು ಬರೆಯೋಣವೆಂದಿದ್ದೆ. ಮಾರ್ಚಿನಲ್ಲಿ ಯಾವ ಶಾಲೆಯೂ ಸಮವಸ್ತ್ರ ಹೊಲಿಸುವುದಿಲ್ಲ, ನಿನಗೂ ಗೊತ್ತು. ಭಯವಾಗಿತ್ತು, ಅಷ್ಟೇ.

ನೀನು ಮಣ್ಣು ತೋಡುವವಳು, ನಾನು ಮನಸ್ಸು ತೋಡಿಕೊಳ್ಳುತ್ತೇನೆ. ಓದಿದಮೇಲೆ ನಿನ್ನಪ್ಪನಿಗೆ ಹೇಳಬಾರದು.

ಆಗ ನನಗೆ ಹತ್ತು, ಅವನಿಗೆ ಆರು. ಪಕ್ಕದ ಮನೆಯ ಹುಡುಗನ ಹತ್ತಿರ ಒಂದು ಉಕ್ಕಿನ ಗೋಲಿ ಇತ್ತು. ಗಣಿಯ ಯಂತ್ರದ ಚಕ್ರದೊಳಗೆ ಇರುತ್ತದಲ್ಲ, ಆ ಗುಂಡು. ಪುಟ್ಟುಗೂ ಬೇಕೇ ಬೇಕು ಎಂದು ಹಟ. ಅಪ್ಪನ ಬೆನ್ನುಬಿದ್ದ. ಅಪ್ಪ "ನೋಡೋಣ" ಎಂದರು. ನಮ್ಮಪ್ಪನ ನಿಘಂಟಿನಲ್ಲಿ 'ನೋಡೋಣ' ಎಂದರೆ 'ಇಲ್ಲ'. ಅವನು ಅತ್ತ. ನಾನೇ ಸಮಾಧಾನ ಹೇಳಿದೆ: "ನೀನು ಒಂದೇ ಒಂದು ಸಲ ಜಡ್ತಿ ಗೆಲ್ಲು, ನನ್ನ ಕಾಗೆ ಬಂಗಾರದ ಕಲ್ಲು ಕೊಡ್ತೀನಿ." ಬೂದುಗುಡ್ಡದಲ್ಲಿ ನನಗೆ ಸಿಕ್ಕಿದ್ದ ಹೊಳೆಯುವ ಕಲ್ಲು ಅದು. ಚಿನ್ನವಲ್ಲ, ಬರೀ ಥಳುಕು. ನಮ್ಮ ಪಾಲಿಗೆ ಚಿನ್ನದಪ್ಪ.

"ಎಲ್ಲಿಟ್ರೂ ಸಿಕ್ಕಿಬೀಳ್ತೀನಲ್ಲಕ್ಕಾ..."

"ಅಪ್ಪನ ಡಬ್ಬೀಲಿ ಇಡು. ಅದ್ರಲ್ಲಿ ಯಾರು ಹುಡುಕ್ತಾರೆ?"

ಹೌದು ಗುಬ್ಬಿ, ಉಪಾಯ ಹೇಳಿದವಳು ನಾನೇ. ಡಬ್ಬಿ ದಿನಾ ಗೇಟಿನಲ್ಲಿ ತೆಗೆಯುತ್ತಾರೆ ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅದು ಅವರ ಗೇಟು, ಇದು ನಮ್ಮ ಆಟ. ಎರಡೂ ಒಂದೇ ಡಬ್ಬಿಯಲ್ಲಿ ಸೇರುತ್ತವೆ ಎಂದು ಹೊಳೆಯಲಿಲ್ಲ. ಸಂಜೆ ಅಪ್ಪ ಖಾಲಿ ಡಬ್ಬಿ ತಂದಿಟ್ಟಾಗ ಅವನು ಕಲ್ಲನ್ನು ಅದರ ತಳಕ್ಕೆ ಮೆತ್ತಿಬಿಟ್ಟ. ಆ ಡಬ್ಬಿ ಹಿಡಿದುಕೊಂಡೇ ಆಟಕ್ಕೆ ಬರುವ ಲೆಕ್ಕ, ಆದರೆ ಕತ್ತಲಾಗಿ ಆಟ ಮರುದಿನಕ್ಕೆ ಹೋಯಿತು.

ಮರುದಿನ ಸಂಜೆ ಅಪ್ಪ ಹೊತ್ತಿಗೆ ಬರಲಿಲ್ಲ. ಸಾಲಿನ ಹೆಂಗಸರು "ಡಬ್ಬೀಲಿ ಏನೋ ಸಿಕ್ತಂತೆ" ಎಂದು ಪಿಸುಗುಟ್ಟಿದರು. ಕೆಲಸ ಹೋಯಿತು. ಕೆಲಸದ ಜೊತೆ ಮನೆ. ಮೂರನೇ ಬೆಳಿಗ್ಗೆ ಪಾತ್ರೆಪಡಗದ ಜೊತೆ ಗಾಡಿಯಲ್ಲಿದ್ದೆವು. ಏನು ಸಿಕ್ಕಿತೆಂದು ಅಪ್ಪ ಹೇಳಲಿಲ್ಲ, ಅಮ್ಮ ಕೇಳಲಿಲ್ಲ. ನಮಗೆ ಕೇಳುವ ಅಗತ್ಯವಿರಲಿಲ್ಲವಲ್ಲ.

ಗಾಡಿಯ ಹಿಂದೆ ಕೂತು ನಾನು ಪುಟ್ಟುವಿನ ಕಿವಿಯಲ್ಲಿ ಹೇಳಿದೆ: "ನಿನ್ನಿಂದಾನೇ." ಒಂದೇ ಮಾತು. ಅವನ ಕಿವಿ ಬಿಳಿಚಿಕೊಂಡಿತು. ಅವತ್ತಿನಿಂದ ಅವನು ನನ್ನೆದುರು ನಕ್ಕದ್ದಿಲ್ಲ. ಐವತ್ತನಾಲ್ಕು ವರ್ಷ. ಹೊಲಿಗೆ ತಪ್ಪಿದರೆ ಬಿಚ್ಚುತ್ತೇನೆ. ಈ ಒಂದು ಹೊಲಿಗೆಗೆ ನನ್ನ ಕತ್ತರಿ ಹೋಗಿಲ್ಲ. ಎಷ್ಟೋ ಸಲ ಹೇಳೋಣ ಎಂದುಕೊಂಡೆ. ಏನೆಂದು ಹೇಳಲಿ? 'ನಿನ್ನಿಂದಲ್ಲ, ನನ್ನಿಂದ' ಎಂದರೆ ಅಪ್ಪನ ಕೆಲಸ ವಾಪಸು ಬರುತ್ತದಾ? ಇಬ್ಬರೂ ಸೇರಿಯೇ ಕಳೆದೆವಲ್ಲ.

ಈಗ ಅಗಿ. ಬೇಡವೆಂದು ಹೇಳುವ ಹಕ್ಕು ನನಗಿಲ್ಲ.

ಅತ್ತೆ


ಮಾರ್ಚ್ ೨೨

ಅತ್ತೆ,

ಒಂದೇ ಪ್ರಶ್ನೆ. ಚೆನ್ನಾಗಿ ನೆನಪು ಮಾಡಿಕೊಂಡು ಬರೆಯಿರಿ, ನಾನು ಬೇಕೆಂದೇ ಕಾರಣ ಹೇಳುತ್ತಿಲ್ಲ. ಅಪ್ಪ ಆ ಕಲ್ಲನ್ನು ಡಬ್ಬಿಗೆ ಯಾವುದರಿಂದ ಮೆತ್ತಿದ್ದು? ಡಬ್ಬಿಯ ಅಡಿಯಲ್ಲಿ ಏನಾದರೂ ಗುರುತಿತ್ತಾ?

ಗುಬ್ಬಿ


ಮಾರ್ಚ್ ೨೭

ಗುಬ್ಬಿ,

ಡಾಂಬರು. ಮಾಡಿನ ತಗಡಿನ ಸಂದಿಗೆ ಬಳಿದದ್ದು ಬಿಸಿಲಿಗೆ ಇಳಿಯುತ್ತಿತ್ತು, ಅದನ್ನೇ ಕಿತ್ತು ಉಂಡೆ ಮಾಡಿ ಕಲ್ಲನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ್ದ. ಬೆರಳಿನ ಕಪ್ಪು ನಾಲ್ಕೈದು ದಿನ ಹೋಗಿರಲಿಲ್ಲ. ಡಬ್ಬಿಯ ಅಡಿಯಲ್ಲಿ ಒಂದು ಅಚ್ಚಿತ್ತು, ಎಂಟು ಎಸಳಿನ ಹೂವಿನದು. ಅಮ್ಮ ಅದರ ಕೊಳೆ ತೆಗೆಯಲು ಬೈದುಕೊಳ್ಳುತ್ತಿದ್ದಳು.

ಏನು ಸಿಕ್ಕಿತೇ? ಬೆಳಿಗ್ಗೆಯಿಂದ ಎರಡು ತೋಳನ್ನೂ ಒಂದೇ ಕಡೆಗೆ ಹೊಲಿದು ಬಿಚ್ಚುತ್ತಿದ್ದೇನೆ.

ಅತ್ತೆ


ಏಪ್ರಿಲ್ ೨

ಪ್ರೀತಿಯ ಅತ್ತೆಗೆ,

ಕೂತುಕೊಂಡು ಓದಿ.

ಹದಿನಾಲ್ಕನೇ ಮನೆಯ ಹಿಂದೆ ಪಾತ್ರೆ ತೊಳೆಯುವ ಕಲ್ಲಿದೆಯಲ್ಲ, ಅದರ ಪಕ್ಕದ ಚರಂಡಿಯಲ್ಲಿ, ಒಲೆಬೂದಿಯ ಪದರದಲ್ಲಿ, ಅಡಿಕೆಯಷ್ಟು ಗಾತ್ರದ ಡಾಂಬರಿನ ಉಂಡೆ ಸಿಕ್ಕಿತು. ಮುಂಬದಿಯಲ್ಲಿ ಒಂದು ಕಾಗೆ ಬಂಗಾರದ ಕಲ್ಲು. ಕಲ್ಲಿನ ಪಕ್ಕದಲ್ಲಿ ಒಂದು ಹೆಬ್ಬೆರಳಿನ ಗುರುತು. ನನ್ನ ಕಿರುಬೆರಳೂ ಅದರಲ್ಲಿ ಹಿಡಿಯಲಿಲ್ಲ ಅತ್ತೆ, ಅಷ್ಟು ಚಿಕ್ಕದು. ಹಿಂಬದಿಯಲ್ಲಿ ಎಂಟು ಎಸಳಿನ ಹೂವು, ತಿರುವುಮುರುವಾಗಿ. ಅಂಚಿನಲ್ಲಿ ಚಮಚದಿಂದ ಮೀಟಿದ ಗೀರು, ಗೀರಿನೊಳಗೆ ಬೂದಿ.

ಅರ್ಥವಾಯಿತಲ್ಲ? ಉಂಡೆ ಡಬ್ಬಿಗೆ ಅಂಟಿತ್ತು, ನಿಜ. ಆದರೆ ಗೇಟಿಗೆ ಹೋಗಲೇ ಇಲ್ಲ. ಬೆಳಿಗ್ಗೆ ಅಜ್ಜಿ ಡಬ್ಬಿ ತಿಕ್ಕುವಾಗ 'ಇದೇನಪ್ಪ ಕೊಳೆ' ಎಂದು ಚಮಚದಿಂದ ಮೀಟಿ ಚರಂಡಿಗೆ ಎಸೆದಿದ್ದಾರೆ. ಅಷ್ಟು ಬುದ್ಧಿ ಓಡಿಸಿದ ನಿಮಗಿಬ್ಬರಿಗೂ ಡಬ್ಬಿಯನ್ನು ಯಾರೋ ದಿನಾ ತೊಳೆಯುತ್ತಾರೆ ಎಂಬುದು ಮಾತ್ರ ಹೊಳೆಯಲಿಲ್ಲ. ನನ್ನ ಡಬ್ಬಿಯನ್ನೂ ನಾನು ಹಾಗೇ ಅಂದುಕೊಂಡಿದ್ದೆ, ತಾನಾಗಿಯೇ ಬೆಳಗುತ್ತದೆ ಎಂದು.

ಹಾಗಾದರೆ ಗೇಟಿನಲ್ಲಿ ಸಿಕ್ಕಿದ್ದೇನು? ಗಣಿಯ ಹಳೆಯ ಕಚೇರಿಯ ಒಂದು ಕೋಣೆಯಲ್ಲಿ ಜಡ್ತಿಯ ಪುಸ್ತಕಗಳು ಅಟ್ಟಕ್ಕೆ ಏರಿ ಕೂತಿದ್ದವು. ಅಲ್ಲಿಯ ಗುಮಾಸ್ತರು "ಗೆದ್ದಲು ತಿಂದು ಉಳಿದದ್ದು ನಿಮಗೆ" ಎಂದು ಬೀಗ ತೆಗೆದುಕೊಟ್ಟರು. ನಾಲ್ಕು ದಿನ ಹುಡುಕಿದೆ. ಬರೆದದ್ದು ದೊರೆಗಳ ಭಾಷೆ, ಕನ್ನಡ ನನ್ನದು:

'ಕೆಲಸಗಾರ: ಏಳನೇ ಸಾಲು, ಹದಿನಾಲ್ಕು. ಸಿಕ್ಕ ವಸ್ತು: ಯಂತ್ರದ ಉಕ್ಕಿನ ಗುಂಡು, ಒಂದು, ಊಟದ ಡಬ್ಬಿಯೊಳಗೆ. ಅವನ ಹೇಳಿಕೆ: ಸವೆದು ಬಿಸಾಡಿದ್ದು, ಮಗನಿಗೆ ಗೋಲಿ. ಅನುಮಾನಕ್ಕೆ ಕಾರಣ: ಸರದಿಯಲ್ಲಿ ನಿಂತು ನಗುತ್ತಿದ್ದ. ಕ್ರಮ: ವಜಾ.'

ತಾತನ 'ನೋಡೋಣ' ಎಂದರೆ 'ಇಲ್ಲ' ಅಲ್ಲ ಅತ್ತೆ.

ಮೂಲ ಉಂಡೆ ಸರ್ಕಾರದ್ದು, ಹೊರಗೆ ಕೊಡುವಂತಿಲ್ಲ. ಹೆಬ್ಬೆರಳಿನ ಗುಳಿ ಹಾಗೆಯೇ ಬರುವಂತೆ ಗಾರೆಯಲ್ಲಿ ಅಚ್ಚು ಹೊಯ್ದು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಅಪ್ಪನಿಗೆ ನಾನು ಏನೂ ಹೇಳಿಲ್ಲ. ಅದು ನಿಮ್ಮ ಮಾತು.

ನಿಮ್ಮ
ಗುಬ್ಬಿ


ಏಪ್ರಿಲ್ ೧೯

ಪುಟ್ಟು,

ಅಕ್ಕ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಗೊತ್ತಾಗಿರುತ್ತದೆ, ನಿನ್ನ ಕಸುಬೇ ಅದಲ್ಲವೇ. ಇದು ನಾಲ್ಕನೇ ಹಾಳೆ. ಮೊದಲ ಮೂರು ಹರಿದೆ. ಮೊದಲನೆಯದರಲ್ಲಿ ಬರೀ ಆರೋಗ್ಯ ವಿಚಾರಿಸಿದ್ದೆ, ಎರಡನೆಯದರಲ್ಲಿ ಬರೀ ಅತ್ತಿದ್ದೆ, ಮೂರನೆಯದರಲ್ಲಿ ನಿನ್ನನ್ನೇ ಬೈದಿದ್ದೆ.

ಇದರ ಜೊತೆ ನಿನ್ನ ಮಗಳ ಕಾಗದವಿದೆ. ಮೊದಲು ಅದನ್ನು ಓದು. ಎರಡು ಸಲ ಓದು.

ಓದಿದೆಯಾ? ಈಗ ನನ್ನ ಮಾತು. ಗಾಡಿಯಲ್ಲಿ ನಿನ್ನ ಕಿವಿಯಲ್ಲಿ ನಾನೊಂದು ಮಾತು ಹೇಳಿದೆ. ಅದು ಸುಳ್ಳು. ಈಗ ತಿಳಿಯಿತೆಂದು ಸುಳ್ಳಲ್ಲ, ಆವಾಗಲೂ ಸುಳ್ಳೇ. ಡಬ್ಬಿಯಲ್ಲಿ ಇಡು ಎಂದವಳು ನಾನು. ನನಗೆ ಭಯವಾಗಿತ್ತು, ಭಯವನ್ನು ಹೊರಲು ಒಂದು ಚಿಕ್ಕ ತಲೆ ಬೇಕಿತ್ತು, ಪಕ್ಕದಲ್ಲಿ ನೀನಿದ್ದೆ. ಆರು ವರ್ಷದವನ ತಲೆಯ ಮೇಲೆ ಇಟ್ಟುಬಿಟ್ಟೆ. ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ, ಆದರೂ ಕ್ಷಮಿಸು.

ಕಾಗದ ಕಳಿಸಲೋ ಬೇಡವೋ ಎಂದು ಹದಿನೈದು ದಿನ ತೂಗಿದೆ. ಕಲ್ಲು ನಿನ್ನ ಎದೆಯಿಂದ ಇಳಿಯುತ್ತದೆ, ಸರಿ. ಆ ಜಾಗಕ್ಕೆ ಉಕ್ಕಿನ ಗುಂಡು ಬಂದು ಕೂತರೆ? 'ಮಗನಿಗೆ ಗೋಲಿ' ಎಂದು ಓದಿ ಮತ್ತೆ ನಿನ್ನ ಮೇಲೆಯೇ ಹಾಕಿಕೊಂಡರೆ? ನೀನು ಅಂಥವನೇ. ಗೊತ್ತಿದ್ದೂ ಕಳಿಸುತ್ತಿದ್ದೇನೆ. ಅಪ್ಪ ನಿನಗೆ ತಿಳಿಯಬಾರದೆಂದು ಬಾಯಿ ಮುಚ್ಚಿಕೊಂಡರು, ನಾವು ಅಪ್ಪನಿಗೆ ತಿಳಿಯಬಾರದೆಂದು. ಒಂದೇ ಮನೆಯಲ್ಲಿ ಎಲ್ಲರೂ ಬಚ್ಚಿಟ್ಟೆವು, ಹುಡುಕುವವರೇ ಇರಲಿಲ್ಲ. ಏಳು ದಿನ ಕಳೆದು ಎಷ್ಟು ಕಾಲವಾಯಿತೋ! ಸಾಕು.

ಹತ್ತಿಯೊಳಗೆ ಇರುವುದು ನಿನ್ನ ಹೆಬ್ಬೆರಳು. ಜೋಪಾನವಾಗಿ ಬಿಚ್ಚು.

ಅಕ್ಕ


ಮೇ ೬

ಅಕ್ಕ,

ಕಾಗದ ತಲುಪಿತು. ಮೂವತ್ತು ವರ್ಷ ಬೇರೆಯವರ ಕಾಗದ ಹೊತ್ತಿದ್ದೇನೆ. ನನ್ನದೊಂದು ಇಷ್ಟು ಭಾರವಿರುತ್ತದೆ ಎಂದು ಗೊತ್ತಿರಲಿಲ್ಲ. ಎರಡು ದಿನ ಒಡೆಯದೆ ಕಿಟಕಿಯ ಮೇಲಿಟ್ಟಿದ್ದೆ. ನೀನು ಹುಷಾರಿಲ್ಲ ಎಂದು ಬರೆದಿರಬಹುದೇ ಎಂಬ ಭಯಕ್ಕೆ ಕೊನೆಗೆ ಒಡೆದೆ.

ಗಾಡಿಯಲ್ಲಿ ನೀನು ಹೇಳಿದ್ದು ನೆನಪಿದೆ. ಆದರೆ ಅಕ್ಕ, ನೀನು ಹೇಳದಿದ್ದರೂ ನಾನು ಹಾಗೇ ಅಂದುಕೊಂಡಿರುತ್ತಿದ್ದೆ. ಬೆರಳು ಕಪ್ಪಾಗಿತ್ತಲ್ಲ, ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದೆ. ನಿನ್ನ ಮೇಲೆ ಸಿಟ್ಟಿನಿಂದ ದೂರ ಇದ್ದವನಲ್ಲ. ನನ್ನನ್ನು ಕಂಡರೆ ನಿನಗೆ ಆ ಡಬ್ಬಿ ನೆನಪಾಗುತ್ತದೆ, ಯಾಕೆ ನೋಯಿಸಲಿ ಎಂದು ಬರುತ್ತಿರಲಿಲ್ಲ. ಸುಮ್ಮನಿರುವುದೇ ಒಳ್ಳೆಯದು ಎಂದುಕೊಂಡೆ. ನೀನೂ ಹಾಗೇ ಅಂದುಕೊಂಡಿದ್ದೆ ಅನ್ನಿಸುತ್ತದೆ. ಎಂಥ ಬುದ್ಧಿವಂತರು ನಾವು.

ಗುಂಡಿನ ವಿಷಯ ನೀನು ಹೆದರಿದ್ದು ಸರಿ. 'ಮಗನಿಗೆ ಗೋಲಿ' ಎಂಬಲ್ಲಿ ನಾನು ನಿಂತುಬಿಟ್ಟಿದ್ದೆ, ಒಂದಿಡೀ ಮಧ್ಯಾಹ್ನ. ಮುಂದಿನ ಸಾಲು ಓದದೆ ಇದ್ದಿದ್ದರೆ ಅಲ್ಲೇ ಉಳಿದಿರುತ್ತಿದ್ದೆ.

ನಗುತ್ತಿದ್ದ, ಎಂದಿದೆ. ನನಗೆ ನೆನಪಿರುವ ಅಪ್ಪ ನಗುವವರಲ್ಲ. ಆ ಊರು ಬಿಟ್ಟಮೇಲೆ ಇಟ್ಟಿಗೆ ಹೊತ್ತು ಸಂಜೆ ಸುಮ್ಮನೆ ಕೂರುತ್ತಿದ್ದವರು. ಆದರೆ ಅವತ್ತು ಸರದಿಯಲ್ಲಿ, ಡಬ್ಬಿಯೊಳಗೆ ಗುಂಡು ಇಟ್ಟುಕೊಂಡು, ಕಾವಲುಗಾರ ಹತ್ತು ಹೆಜ್ಜೆ ದೂರವಿರುವಾಗಲೇ ಅವರಿಗೆ ನಗು ಬಂದಿದೆ. ಮಗನ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡಿರಬೇಕು. ಅಪ್ಪ ನಮ್ಮ ಆಟ ಆಡುತ್ತಿದ್ದರು ಅಕ್ಕ. ನನ್ನ ಹಾಗೇ ಸಿಕ್ಕಿಬಿದ್ದರು. ಕಿವಿಯೂ ಕೆಂಪಾಗಿತ್ತೇನೋ, ಅದನ್ನು ಬರೆಯಲು ಪುಸ್ತಕದಲ್ಲಿ ಕಾಲಮು ಇರಲಿಲ್ಲ ಅಷ್ಟೇ. ನಾನು ಅಪ್ಪನ ಕೆಲಸ ಕಳೆದವನು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ನನ್ನ ಬಗ್ಗೆ ಬೇರೆ ಒಂದು ವಿಷಯ ಗೊತ್ತಾಗಿದೆ. ನಾನು ಅಪ್ಪನ ಮಗ.

ಅಚ್ಚಿನ ಮೇಲೆ ಹೆಬ್ಬೆರಳು ಇಟ್ಟು ನೋಡಿದೆ. ಹಿಡಿಯಲಿಲ್ಲ.

ಗುರುವಾರದ ಬೆಳಗಿನ ಬಸ್ಸಿಗೆ ಬರುತ್ತೇನೆ. ಮದುವೆಯೂ ಇಲ್ಲ, ಸಾವೂ ಇಲ್ಲ, ಸುಮ್ಮನೆ. ಮೈಮೇಲೆ ಒಂದು ವಸ್ತು ಬಚ್ಚಿಟ್ಟುಕೊಂಡು ಬರುತ್ತೇನೆ. ನೀನು ಬಾಗಿಲಲ್ಲೇ ನಿಲ್ಲಿಸಿ ಜಡ್ತಿ ಮಾಡಬೇಕು. ಕನ್ನಡಕದ ಡಬ್ಬಿ, ಕೊಡೆಯ ಮಡಿಕೆ, ಚಪ್ಪಲಿ, ಎಲ್ಲ ನೋಡು, ವಯಸ್ಸಾಯಿತೆಂದು ಬಿಡಬೇಡ. ಈ ಸಲ ಗೆಲ್ಲಲೇಬೇಕು ಎಂದು ಮೂರು ದಿನದಿಂದ ಕನ್ನಡಿಯ ಮುಂದೆ ನಿಂತು ನಗದಿರುವ ಅಭ್ಯಾಸ ಮಾಡುತ್ತಿದ್ದೇನೆ.

ಆಗುತ್ತಿಲ್ಲ.

ನಿನ್ನ
ಪುಟ್ಟು